ವಸ್ತಿ ಬಸ್ಸಿನ ಬುತ್ತಿ

ನಿವೃತ್ತಿಯಾಗಿ ಮನೆಗೆ ಬಂದರೂ ಮೈಕು ಇನ್ನೂ ನನ್ನನ್ನು ಬಿಟ್ಟಿಲ್ಲ. ಮೊನ್ನೆ ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕರೆಯಲು ಹೋಗಿ, "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಶುರು ಮಾಡಿಬಿಟ್ಟೆ. ನಮ್ಮ ಯಜಮಾನರು ಕೂತಲ್ಲಿಂದಲೇ, ಊಟ ಯಾವ ಅಂಕಣದಲ್ಲಿ ನಿಂತಿದೆ ಎಂದು ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ನಗು ಅದಕ್ಕಿಂತ ಮುಂಚೆ ಬಂತು.

ಗದಗಿನ ಬಸ್ ನಿಲ್ದಾಣದಲ್ಲಿ ನಾನು ಸಂಚಾರ ನಿಯಂತ್ರಕಿಯಾಗಿದ್ದೆ. ಜನರ ಬಾಯಲ್ಲಿ ಕಂಟ್ರೋಲರ್ ಗಿರಿಜಕ್ಕ. ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಚಹಾದಂಗಡಿಯಲ್ಲಿ ಮೈಮರೆತ ಡ್ರೈವರುಗಳನ್ನು ಎಬ್ಬಿಸಿ ಕಳಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಈಚೆಗೆ ಡಿಪೋಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬಂದು, ಕೆಲಸ ಹೆಂಗಿರತೈತಿ ಹೇಳ್ರಿ ಅಕ್ಕಾರ ಎಂದು ಕೂತರು. ಬಡ್ತಿಯ ಕಥೆ ಹೇಳಲಿಲ್ಲ. ಅದು ಸರತಿ ಬಂದಾಗ ಎಲ್ಲರಿಗೂ ಸಿಗುತ್ತದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಬೈಗುಳ ಕಡಿಮೆ ಮಾಡಿ.

ಮೊದಲು ಟವೆಲ್ಲಿನ ವಿಷಯ. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವುದು ಕಿಟಕಿಯಿಂದ ಟವೆಲ್ ಎಸೆದು. ಟವೆಲ್ ಬಿದ್ದ ಸೀಟು ಅವರದಾಯಿತು. ಬಾಗಿಲಲ್ಲಿ ನುಗ್ಗಿ ಬಂದವರು ಅದರ ಪಕ್ಕದಲ್ಲೇ ನಿಂತುಕೊಂಡು ಬರುತ್ತಾರೆಯೇ ಹೊರತು ಅದನ್ನು ಸರಿಸಿ ಕೂರುವುದಿಲ್ಲ. ನಾನು ಲಕ್ಷ್ಮೇಶ್ವರದ ದಾರಿಯಲ್ಲಿದ್ದಾಗ, ಮುಳಗುಂದದಲ್ಲಿ ಒಬ್ಬರು ಹೀಗೆ ಟವೆಲ್ ಎಸೆದು ಚಹಾಕ್ಕೆ ಹೋದರು. ಚಹಾ ಬಿಸಿಯಿತ್ತೋ ಮಾತು ಬಿಸಿಯಿತ್ತೋ, ಬಸ್ಸು ಹೊರಟರೂ ಆಸಾಮಿ ಬರಲಿಲ್ಲ. ಬಸ್ಸು ತುಂಬಿ ತುಳುಕುತ್ತಿತ್ತು. ಗದಗ ಬರುವವರೆಗೂ ಆ ಟವೆಲ್ಲು ಕಿಟಕಿ ಪಕ್ಕ ಆರಾಮಾಗಿ ಕೂತು ಬಂತು. ಒಬ್ಬ ಮುದುಕಿ ಅದರ ಪಕ್ಕದಲ್ಲೇ ಕಂಬ ಹಿಡಿದು ನಿಂತಿದ್ದಳು. ಕೂಡಬೇ ಯಮ್ಮಾ ಎಂದರೆ, ಯಾರದೋ ಏನೋ, ಬಂದ್ರ ಏನಂದಾರು ಎಂದಳು. ಅವಳನ್ನು ಕೈಹಿಡಿದು ಕೂರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಇದನ್ನು ಯಾಕೆ ಹೇಳಿದೆ ಎಂದರೆ, ಬಸ್ಸಿನಲ್ಲಿ ಮನುಷ್ಯರಷ್ಟೇ ಪ್ರಯಾಣ ಮಾಡುವುದಿಲ್ಲ. ಟವೆಲ್ಲು ಬರುತ್ತದೆ, ಮದುವೆ ಕಾರ್ಡು ಬರುತ್ತದೆ, ರಿಪೇರಿಯಾದ ಮಿಕ್ಸರ್ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬುತ್ತಿ ಬರುತ್ತದೆ.

ಬುತ್ತಿ ಬರುವುದು ವಸ್ತಿ ಬಸ್ಸಿನಲ್ಲಿ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸಿಗೆ ನಮ್ಮಲ್ಲಿ ವಸ್ತಿ ಬಸ್ಸು ಅನ್ನುತ್ತಾರೆ. ಊರಿನ ಮಕ್ಕಳು ಗದಗ ಬೆಟಗೇರಿಯಲ್ಲಿ ರೂಮು ಮಾಡಿಕೊಂಡು ಓದುತ್ತಿರುತ್ತಾರೆ. ತಾಯಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಡಬ್ಬಿಗೆ ತುಂಬಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಡ್ರೈವರ್ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಹೆಸರಿಲ್ಲ, ಚೀಟಿಯಿಲ್ಲ. ಅವ್ವನ ಸೀರೆ ಯಾವುದೆಂದು ಮಕ್ಕಳಿಗೆ ಗೊತ್ತಿರುತ್ತದೆ. ಗಂಟುಗಳೆಲ್ಲ ನನ್ನ ಕ್ಯಾಬಿನ್ ಪಕ್ಕದ ಕಲ್ಲುಕಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ಹುಡುಗರು ಹುಡುಗಿಯರು ಮಧ್ಯಾಹ್ನ ಬಂದು ತಮ್ಮ ತಮ್ಮದನ್ನು ಒಯ್ಯುವರು. ಖಾಲಿ ಡಬ್ಬಿ ಸಂಜೆ ಅದೇ ಬಸ್ಸಿಗೆ ವಾಪಸ್ಸು. ನಾನಿದ್ದಷ್ಟು ಕಾಲ ಆ ಕಟ್ಟೆಯ ಮೇಲಿಂದ ಒಂದು ಗಂಟೂ ತಪ್ಪಿ ಬೇರೆಯವರ ಕೈಗೆ ಹೋದದ್ದಿಲ್ಲ.

ಅವುಗಳಲ್ಲಿ ಹಸಿರು ಚೌಕಡಿ ಸೀರೆಯ ಗಂಟೊಂದು ಇರುತ್ತಿತ್ತು. ಮುಂಡರಗಿಯಿಂದಲೂ ಆಚೆ, ಹೊಳೆದಂಡೆಯ ಹಳ್ಳಿಯ ಚನ್ನವ್ವ ತನ್ನ ಮಗಳು ರೇಣುಕಾಗೆ ಕಳಿಸುತ್ತಿದ್ದದ್ದು. ರೇಣುಕಾ ಬೆಟಗೇರಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ತೆಳ್ಳಗೆ, ಚುರುಕು, ಒಂದು ಮಾತಿಗೆ ನಾಲ್ಕು ಮಾತು ಆಡುವವಳು. ಮಗಳನ್ನು ಊರು ಬಿಟ್ಟು ಓದಲು ಕಳಿಸುವುದು ಅಪ್ಪ ಬಸಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದ್ದನಂತೆ. ಮನೆಯ ರೊಟ್ಟಿ ದಿನಾ ಮುಟ್ಟಬೇಕು, ಅದನ್ನೇ ಉಣ್ಣಬೇಕು. ಬುತ್ತಿ ತಪ್ಪಿದ ದಿನ ಓದು ಮುಗೀತು.

ಫೋನು ಇರಲಿಲ್ಲವೇ ಎಂದು ನೀವು ಕೇಳಬಹುದು. ಎಲ್ಲರ ಕೈಯಲ್ಲೂ ಇತ್ತು. ಆದರೆ ಚನ್ನವ್ವನಿಗೆ ಫೋನಿಗಿಂತ ಡಬ್ಬಿಯ ಮೇಲೆ ನಂಬಿಕೆ. ಸಂಜೆ ಬಸ್ಸಿನಿಂದ ಡಬ್ಬಿ ಇಳಿಸಿಕೊಂಡವಳೇ ಮುಚ್ಚಳ ತೆಗೆಯುವಳು. ಖಾಲಿಯಿದ್ದರೆ ಮಗಳು ಆರಾಮ. ಒಂದು ರೊಟ್ಟಿ ಉಳಿದಿದ್ದರೆ ನೆಗಡಿ. ಪಲ್ಯ ಉಳಿದಿದ್ದರೆ ಪರೀಕ್ಷೆ ಹತ್ತಿರ ಬಂದಿದೆ. ಬಾಯಲ್ಲಿ ಆರಾಮದೀನಿ ಅಂತ ಯಾರು ಬೇಕಾದರೂ ಅಂದಾರು, ಡಬ್ಬಿ ಅನ್ನೂದಿಲ್ಲ ಎಂದು ಒಮ್ಮೆ ನನಗೇ ಫೋನಿನಲ್ಲಿ ಹೇಳಿದ್ದಳು.

ಇಂಥ ಕಾಲದಲ್ಲಿ ನಮ್ಮಲ್ಲಿಗೆ ಅನುಪಮಾ ಮೇಡಂ ಬಂದರು. ಮೈಸೂರು ಕಡೆಯವರು, ವಯಸ್ಸು ನನ್ನ ಮಗಳಷ್ಟು. ಗದಗ ಬೆಟಗೇರಿಯ ಬಸ್ ಸಂಚಾರವನ್ನು ಸುಧಾರಿಸಲು ಯೋಜನೆ ಮಾಡುವ ಅಧಿಕಾರಿ. ಇಂಥವರು ಮೊದಲೂ ಬಂದಿದ್ದರು. ಬರುವರು, ನಕ್ಷೆ ಹಾಸುವರು, ಚಹಾ ಕುಡಿಯುವರು, ವರ್ಗವಾಗಿ ಹೋಗುವರು. ಈಕೆಯೂ ಅಷ್ಟೇ ಎಂದುಕೊಂಡೆ. ಆಕೆ ಚಹಾ ಕುಡಿಯಲಿಲ್ಲ. ಬಸ್ ಹತ್ತಿದರು. ವಾರಗಟ್ಟಲೆ ಬರೀ ಬಸ್ಸಿನಲ್ಲೇ ಓಡಾಡಿದರು. ಶಿರಹಟ್ಟಿ ಬಸ್ಸಿನಲ್ಲಿ ಯಾರದೋ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದು ಇಳಿದದ್ದನ್ನು ನಾನೇ ನೋಡಿದೆ.

ಆಕೆಯ ಯೋಜನೆ ಹೀಗಿತ್ತು. ಹಳ್ಳಿಗಳಿಂದ ಬರುವ ಬಸ್ಸುಗಳೆಲ್ಲ ಪೇಟೆಯ ನಡುವಿನ ಹಳೆ ನಿಲ್ದಾಣಕ್ಕೇ ನುಗ್ಗುವುದರಿಂದ ಊರಿನ ರಸ್ತೆಗಳು ಕಟ್ಟಿಕೊಳ್ಳುತ್ತಿವೆ. ಮೊದಲು ಪ್ರಯೋಗಕ್ಕೆಂದು ಮುಂಡರಗಿ ಕಡೆಯ ಬಸ್ಸುಗಳನ್ನು ಊರ ಅಂಚಿನ ಹೊಸ ನಿಲ್ದಾಣದಲ್ಲೇ ನಿಲ್ಲಿಸುವುದು. ಅಲ್ಲಿಂದ ಗದಗಿನ ಮೇಲೆ ಬೆಟಗೇರಿಗೆ ಬಿಟ್ಟೂ ಬಿಡದಂತೆ ನಗರ ಬಸ್ಸು ಓಡಿಸುವುದು. ಕೆಲವು ತಿಂಗಳು ನೋಡಿ, ಜನ ಒಪ್ಪಿದರೆ ಮುಂದುವರಿಸುವುದು, ಇಲ್ಲವಾದರೆ ಹಳೆಯದಕ್ಕೇ ಮರಳುವುದು.

ನಾನು ಬಾಯಿಗೆ ಬಂದದ್ದು ಅಂದೆ. ಒಂದು ಬಸ್ಸಿನಿಂದ ಇಳಿದು ಇನ್ನೊಂದು ಹತ್ತುವುದೆಂದರೆ ನಮ್ಮ ಜನಕ್ಕೆ ಆಗಿಬರುವುದಿಲ್ಲ, ಹೊತ್ತುಕೊಂಡ ಮೂಟೆಗಳ ಗತಿಯೇನು, ಕಲ್ಲುಕಟ್ಟೆಯ ಬುತ್ತಿಗಳ ಗತಿಯೇನು ಎಂದೆ. ಅವರು ಬುತ್ತಿ ಎಂದರೇನು ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಇದನ್ನು ಎಣಿಸಲೇ ಇಲ್ಲವಲ್ಲ ಎಂದರು. ಮರುದಿನದಿಂದ ಕಲ್ಲುಕಟ್ಟೆಯ ಮೇಲೆ ಬುತ್ತಿಗಳ ಪಕ್ಕವೇ ಕೂತು ಎಣಿಸತೊಡಗಿದರು. ಆ ಮೇಲೆ ನನಗೆ ಅವರ ಮೇಲೆ ಸಿಟ್ಟು ಮಾಡಲು ಕಷ್ಟವಾಯಿತು.

ಹೊಸ ನಿಲ್ದಾಣದ ಸುತ್ತ ಆಗ ಬರೀ ಬಯಲು. ಅಲ್ಲೊಂದು ತಮಾಷೆ ನಡೆಯಿತು. ಸೈಟು ಮಾರುವ ಒಬ್ಬ ಮಹಾಶಯ ತನ್ನ ಖಾಲಿ ಲೇಔಟಿನ ಮುಂದೆ ರಸ್ತೆ ಬದಿಗೆ ತಾನೇ ಒಂದು ಬಸ್ ನಿಲುಗಡೆಯ ಬೋರ್ಡು ನೆಟ್ಟುಬಿಟ್ಟ. ನೋಡಲು ನಮ್ಮ ಬೋರ್ಡಿನಂತೆಯೇ ಇತ್ತು. ಆಗ ಪರೀಕ್ಷೆಗೆಂದು ಓಡುತ್ತಿದ್ದ ನಮ್ಮ ನಗರ ಬಸ್ಸಿನ ಡ್ರೈವರು ನಿಯಮದ ಮನುಷ್ಯ. ಬೋರ್ಡು ಕಂಡಲ್ಲಿ ನಿಲ್ಲಿಸಬೇಕು ಎಂದು ದಿನಾ ಅಲ್ಲಿ ನಿಲ್ಲಿಸಿದ. ಹತ್ತುವವರಿಲ್ಲ, ಇಳಿಯುವವರಿಲ್ಲ. ಕುರಿಗಳು ತಲೆಯೆತ್ತಿ ನೋಡುತ್ತಿದ್ದವು. ಕಂಡಕ್ಟರ್ ಮೌಲಾಸಾಬ ನನಗೆ ಬಂದು, ಅಕ್ಕಾ, ಕುರಿಗೋಳಿಗೆ ಟಿಕೆಟ್ ಕೊಡಬೇಕೋ ಹೆಂಗ ಎಂದು ಕೇಳಿದ. ಬೋರ್ಡು ನಮ್ಮದಲ್ಲ ಎಂದು ಗೊತ್ತಾಗುವ ಹೊತ್ತಿಗೆ ಆ ಪುಣ್ಯಾತ್ಮ ಬಸ್ಸು ನಿಲ್ಲುವುದನ್ನು ತೋರಿಸಿ ಎಷ್ಟೋ ಸೈಟು ಮಾರಿದ್ದ.

ನಾನು ಉರಿದುಬಿದ್ದೆ. ಅನುಪಮಾ ಮೇಡಂ ಮಾತ್ರ ಬೋರ್ಡು ಕೀಳಿಸಿ, ಆ ಬಯಲನ್ನೊಮ್ಮೆ ಸುತ್ತಿ ಬಂದರು. ಮನುಷ್ಯ ಮೋಸಗಾರ, ಆದರೆ ತಿಳಿವಳಿಕೆ ಇದೆ ಎಂದರು. ನಾವು ಊರು ಬೆಳೆದ ಮೇಲೆ ಬಸ್ಸು ಕಳಿಸುತ್ತೇವೆ, ಅಷ್ಟರಲ್ಲಿ ಜನ ಎಲ್ಲೆಂದರಲ್ಲಿ ಮನೆ ಕಟ್ಟಿರುತ್ತಾರೆ. ಬಸ್ಸು ಮೊದಲು ಬಂದರೆ ಊರು ಅದರ ಸುತ್ತ ಬೆಳೆಯುತ್ತದೆ ಎಂದು ವಿವರಿಸಿದರು. ನಿಲ್ದಾಣದ ಪಕ್ಕದ ಜಾಗದಲ್ಲಿ ದೊಡ್ಡ ಅಂಗಡಿ ಸಂಕೀರ್ಣ ಕಟ್ಟಬೇಕೆಂದು ಮೇಲಿನವರ ಆಸೆಯಿತ್ತು. ಇವರು ಪಟ್ಟು ಹಿಡಿದು ಅಲ್ಲಿ ಕಾಯಿಪಲ್ಲೆ ಮಾರುವವರಿಗೆ ಸಾಲು ನೆರಳು, ಒಂದು ಸಣ್ಣ ದವಾಖಾನೆ, ಕಾಯುವ ಮಕ್ಕಳು ಕೂತು ಓದಲೊಂದು ಕೋಣೆ ಎಂದು ಬರೆಸಿದರು. ಬಸ್ಸಿಳಿದವರಿಗೆ ಬೇಕಾದದ್ದು ಬಸ್ಸಿಳಿದಲ್ಲೇ ಸಿಗಬೇಕು ಎಂಬುದು ಅವರ ವಾದ.

ಪ್ರಯೋಗ ಶುರುವಾಯಿತು. ನನ್ನನ್ನೂ ಹೊಸ ನಿಲ್ದಾಣಕ್ಕೆ ಹಾಕಿದರು. ಬುತ್ತಿಗೆ ಮೇಡಂ ಒಂದು ದಾರಿ ಮಾಡಿದ್ದರು. ವಸ್ತಿ ಬಸ್ಸಿನಿಂದ ಇಳಿದ ಗಂಟುಗಳನ್ನು ಮೌಲಾಸಾಬ ನಗರ ಬಸ್ಸಿಗೆ ಏರಿಸಿಕೊಂಡು ಹೋಗಿ ಬೆಟಗೇರಿಯ ಕೊನೆಯ ನಿಲುಗಡೆಯ ಚಹಾದಂಗಡಿಯಲ್ಲಿ ಇಳಿಸುವುದು. ಮಕ್ಕಳಿಗೆ ಅದು ಹಳೆ ನಿಲ್ದಾಣಕ್ಕಿಂತ ಹತ್ತಿರವೇ ಆಯಿತು. ಎಲ್ಲ ಸುಸೂತ್ರ ನಡೆಯುತ್ತಿತ್ತು, ನಮ್ಮ ಮ್ಯಾನೇಜರ್ ಸಾಹೇಬರು ನಡುವೆ ಕೈ ಹಾಕುವವರೆಗೆ.

ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಆದರೆ ಅವರಿಗೆ ಸ್ವಚ್ಛತೆಯ ಹುಚ್ಚು. ಹೊಸ ನಗರ ಬಸ್ಸನ್ನು ನೋಡಲು ಮೇಲಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂದದ್ದೇ ತಡ, ಅವರ ಕಣ್ಣು ಬುತ್ತಿಗಂಟುಗಳ ಮೇಲೆ ಬಿತ್ತು. ಪಳಪಳ ಹೊಳೆಯುವ ಬಸ್ಸಿನಲ್ಲಿ ಎಣ್ಣೆ ಹತ್ತಿದ ಹರಕು ಬಟ್ಟೆಯ ಗಂಟುಗಳು. ಬಟ್ಟೆ ಬಿಚ್ಚಿ, ಡಬ್ಬಿಗಳನ್ನು ಒರೆಸಿ, ಹಿಂದಿನ ಹಲಗೆಯ ಮೇಲೆ ಸಾಲಾಗಿ ಇಡಲು ಹೇಳಿದರು. ನಾನು ಆ ದಿನ ಏನೋ ಕೆಲಸಕ್ಕೆ ಹಳೆ ನಿಲ್ದಾಣಕ್ಕೆ ಹೋಗಿದ್ದೆ. ಮೌಲಾಸಾಬ ಬೇಡವೆಂದನಂತೆ. ಸಾಹೇಬರ ಮುಂದೆ ಎಷ್ಟು ಅನ್ನಲಾದೀತು. ಬಟ್ಟೆಗಳೆಲ್ಲ ಒಂದು ಚೀಲಕ್ಕೆ ಹೋದವು. ಡಬ್ಬಿಗಳು ಸಾಲಾಗಿ ನಿಂತವು. ಮುಂಡರಗಿಯಲ್ಲಿ ಪಾತ್ರೆಯಂಗಡಿ ಎಂದರೆ ಆ ಕಡೆಯವರಿಗೆಲ್ಲ ಒಂದೇ. ಹಾಗಾಗಿ ಡಬ್ಬಿಗಳೆಲ್ಲ ಒಂದೇ ನಮೂನೆ. ಮೇಲಧಿಕಾರಿಗಳು ನೋಡಿ ಬಹಳ ಮೆಚ್ಚಿದರು.

ಬೆಟಗೇರಿಯಲ್ಲಿ ಡಬ್ಬಿಗಳ ಮುಂದೆ ಮಕ್ಕಳು ಕಣ್ಣು ಕಣ್ಣು ಬಿಟ್ಟರು. ತೆರೆದು ನೋಡಿ ಗುರುತು ಹಿಡಿಯೋಣವೆಂದರೆ ಎಲ್ಲದರಲ್ಲೂ ಜೋಳದ ರೊಟ್ಟಿಯೇ. ಕಡೆಗೆ ಹಸಿವಾಗಿ ಕೈಗೆ ಸಿಕ್ಕದ್ದನ್ನು ಒಯ್ದು ಉಂಡರು. ಬೇರೆ ಮನೆಯ ಗುರೆಳ್ಳು ಚಟ್ನಿಯ ರುಚಿ ಹತ್ತಿ, ಅದು ಯಾರ ಮನೆಯದೆಂದು ವಾರವಿಡೀ ಹುಡುಕಿದವರೂ ಇದ್ದರು. ಸಂಜೆ ಚೀಲದ ಬಟ್ಟೆಗಳನ್ನು ಯಾವ ಡಬ್ಬಿಗೆ ಯಾವುದೋ ಕಟ್ಟಿ ವಾಪಸ್ಸು ಕಳಿಸಿದರು. ಹಸಿರು ಚೌಕಡಿ ಬಟ್ಟೆ ಯಾವುದೋ ಡಬ್ಬಿಗೆ ಸುತ್ತಿಕೊಂಡು ಹೊಳೆದಂಡೆಯ ಹಳ್ಳಿಗೆ ಹೋಯಿತು.

ಆ ಡಬ್ಬಿ ಖಾಲಿಯಿರಲಿಲ್ಲ. ಅಂದು ಚನ್ನವ್ವ ಪಲ್ಯಕ್ಕೆ ಕಡಲೆಹಿಟ್ಟಿನ ಝುಣಕ ಮಾಡಿ ಕಳಿಸಿದ್ದಳು. ದೈವಗತಿ ನೋಡಿ, ಅವಳದೇ ಡಬ್ಬಿ, ಅವಳದೇ ಝುಣಕ, ಮುಟ್ಟದೆ ಹಾಗೇ ತಿರುಗಿ ಬಂದಿತ್ತು. ಅವಳು ಮಗಳಿಗೆ ಫೋನು ಹಚ್ಚಿ, ಬುತ್ತಿ ಮುಟ್ಟಿತೋ ಎಂದು ಕೇಳಿದಳು. ಮುಟ್ಟಲಿಲ್ಲ ಎಂದರೆ ಅಪ್ಪ ಓದು ಬಿಡಿಸುತ್ತಾನೆ ಎಂದು ರೇಣುಕಾಗೆ ಗೊತ್ತು. ಮುಟ್ಟಿತು, ಉಂಡೆ ಎಂದಳು. ಪಲ್ಯ ಹೇಗಿತ್ತು ಎಂದು ತಾಯಿ ಕೇಳಿದಳು. ಇನ್ನೂ ನಂಬಿಸೋಣವೆಂದು ಆ ಹುಡುಗಿ, ತನಗೆ ಸಿಕ್ಕ ಬೇರೆ ಡಬ್ಬಿಯಲ್ಲಿದ್ದ ಬದನೆಕಾಯಿ ಎಣಗಾಯಿಯನ್ನು ನೆನೆದು, ಎಣಗಾಯಿ ಭಾಳ ಛಲೋ ಆಗಿತ್ತವ್ವಾ ಎಂದಳು. ಚನ್ನವ್ವ ಝುಣಕದ ಡಬ್ಬಿ ಎದುರಿಗಿಟ್ಟುಕೊಂಡೇ ಫೋನು ಇಟ್ಟಳಂತೆ. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ವಸ್ತಿ ಬಸ್ಸಿನಿಂದ ಬಸಪ್ಪನೇ ಇಳಿದ. ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬುತ್ತಿಯಿಲ್ಲ. ನಾನು ನಮಸ್ಕಾರ ಮಾಡಿದರೆ ಅವನು ತಿರುಗಿ ಮಾಡಲಿಲ್ಲ. ಮಗಳು ಎಲ್ಲಿ ಏನು ಉಣ್ಣುತ್ತಾಳೋ, ಯಾರ ಸಂಗಡ ಉಣ್ಣುತ್ತಾಳೋ ದೇವರಿಗೇ ಗೊತ್ತು, ಇವತ್ತೇ ಮನೆಗೆ ಒಯ್ಯುತ್ತೇನೆ ಎಂದ. ನಾನು ಹಿಂದಿನ ದಿನದ ಬಟ್ಟೆ ಬಿಚ್ಚಿದ ಕಥೆಯನ್ನು ಮೌಲಾಸಾಬನಿಂದ ಕೇಳಿದ್ದೆ. ಎಲ್ಲ ವಿವರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಇಷ್ಟ ದೊಡ್ಡ ಸಾಹೇಬರು ಹಳ್ಳಿಯವರ ಬುತ್ತಿ ಬಟ್ಟಿ ಬಿಚ್ಚಿಕೋತ ಕುಂತಿದ್ರು ಅಂತ ಹೇಳಿದ್ರ ಯಾರರ ನಂಬತಾರೇನ್ರಿ?" ಎಂದ. ಖರೆ ಹೇಳಬೇಕೆಂದರೆ, ನಾನಾಗಿದ್ದರೂ ನಂಬುತ್ತಿರಲಿಲ್ಲ.

ಅನುಪಮಾ ಮೇಡಂ ಅಲ್ಲೇ ಇದ್ದರು. ಮೂವರೂ ನಗರ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಬಸಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದ. ಇಷ್ಟು ದಿನ ಕಲ್ಲುಕಟ್ಟೆಯ ಮೇಲೆ ಕಾಯ್ದುಕೊಂಡು ಬಂದ ಹಸಿರು ಗಂಟು, ನಮ್ಮ ಒಂದು ದಿನದ ಶೋಕಿಗೆ ಆ ಹುಡುಗಿಯ ಓದನ್ನೇ ಕಟ್ಟಿ ಊರಿಗೆ ಒಯ್ಯುತ್ತದಲ್ಲ ಎಂದುಕೊಂಡೆ.

ರೇಣುಕಾ ಕಾಲೇಜಿನ ಗೇಟಿನ ಹತ್ತಿರವೇ ಸಿಕ್ಕಳು. ಅಪ್ಪನನ್ನು ನೋಡಿ ಮುಖ ಬಿಳಚಿಕೊಂಡಿತು. ಪಕ್ಕದಲ್ಲಿ ಡಂಬಳದ ಗೆಳತಿಯೊಬ್ಬಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಝುಣಕದ ಡಬ್ಬಿ ಸಿಕ್ಕಿದ್ದು ಯಾರಿಗೆ ಎಂದು ನಾನು ಕೇಳಿದ್ದಕ್ಕೆ ಆಕೆ ದುಪಟ್ಟಾ ತೆಗೆದಳು. ಕೆನ್ನೆ ಬಾತು ಬುಡ್ಡೆಯಾಗಿತ್ತು. ದವಡೆ ಹಲ್ಲಿನ ನೋವು. ಖಡಕ್ ರೊಟ್ಟಿ ಕಡಿಯಲು ಆಗದೆ ಹಾಗೇ ಮುಚ್ಚಿ ಇಟ್ಟಿದ್ದಳು. ಆ ಕೆನ್ನೆಯನ್ನು ನೋಡಿದ ಮೇಲೆ ಬಸಪ್ಪನಿಗೆ ನಂಬದೆ ದಾರಿಯಿರಲಿಲ್ಲ.

ಆದರೂ ಅವನು ಕದಲಲಿಲ್ಲ. "ಡಬ್ಬಿ ಅದಲಿ ಬದಲಿ ಆಗಿದ್ದು ಖರೆ. ಸುಳ್ಳ ಯಾಕ ಹೇಳಿದಿ?" ಎಂದ.

ರೇಣುಕಾ ಅತ್ತೇಬಿಡುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. "ಬುತ್ತಿ ಮುಟ್ಟಲಿಲ್ಲಂದ್ರ ನೀ ಕಾಲೇಜ ಬಿಡಸ್ತಿದ್ದಿ ಅಪ್ಪಾ. ನಂಗ ಬುತ್ತಿಗಿಂತ ಕಾಲೇಜ ಬೇಕಾಗಿತ್ತು, ಅದಕ್ಕ ಹೇಳಿದ್ನಿ" ಎಂದಳು.

ಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸಿಟ್ಟು ಎಲ್ಲಿ ಹೋಯಿತೋ, ಉಳಿದದ್ದು ಬರೀ ದಣಿವು. ನಿಮ್ಮವ್ವ ನಿನ್ನೆಯಿಂದ ಬಾಯಿಗೆ ನೀರು ಹಾಕಿಲ್ಲ, ದಿನಾ ಇಂಥ ಚಿಂತಿ ನಮಗೆ ಆಗೂದಿಲ್ಲ, ನೀ ಮನೆಗೆ ನಡಿ ಎಂದು ಮೆತ್ತಗೆ ಹೇಳಿದ. ಬೈದಿದ್ದರೆ ನಾನೂ ಬೈಯಬಹುದಿತ್ತು. ಹೀಗೆ ಹೇಳಿದರೆ ಏನು ಮಾಡಲಿ.

ಆಗ ಅನುಪಮಾ ಮೇಡಂ ಬಸಪ್ಪನನ್ನು, ಬೆಳಿಗ್ಗೆ ಎಲ್ಲಿಂದ ಹೊರಟಿರಿ ಎಂದು ಕೇಳಿದರು. ಇದೆಂಥ ಪ್ರಶ್ನೆ ಎನ್ನುವ ಹಾಗೆ ಅವನು, ಮನೆಯಿಂದ, ವಸ್ತಿ ಬಸ್ಸಿಗೆ ಎಂದ. ನಡುವೆ ಎಲ್ಲೂ ಇಳಿಯಲಿಲ್ಲವೇ ಎಂದರು. ನಿಮ್ಮ ಹೊಸ ಸ್ಟ್ಯಾಂಡಿನಲ್ಲಿ ಇಳಿದು ಈ ಬಸ್ಸು ಹತ್ತಿದೆ, ನೀವೂ ಸಂಗಡ ಇದ್ದಿರಲ್ಲ ಎಂದ. ಅಷ್ಟರಲ್ಲಿ ಕಾಲೇಜಿನ ಮೊದಲ ಗಂಟೆ ಬಾರಿಸಿತು.

"ಯಜಮಾನ್ರೇ, ನೀವು ಮನೆಯಿಂದ ಹೊರಟು ಕ್ಲಾಸ್ ಶುರುವಾಗೋ ಮುಂಚೆ ಇಲ್ಲಿದ್ದೀರಿ" ಎಂದರು ಮೇಡಂ. "ಮಗಳನ್ನ ಮನೆಗೆ ಕರ್ಕೊಂಡು ಹೋಗಿ. ನಾಳೆ ಬೆಳಿಗ್ಗೆ ನೀವು ಬಂದ ಹಾಗೇ ಅವಳು ಬರಲಿ."

ಇದು ನನಗೆ ಹೊಳೆದೇ ಇರಲಿಲ್ಲ. ಮೊದಲೆಲ್ಲ ವಸ್ತಿ ಬಸ್ಸು ಪೇಟೆಯ ಗದ್ದಲದಲ್ಲಿ ತೆವಳಿಕೊಂಡು ಹಳೆ ನಿಲ್ದಾಣ ಮುಟ್ಟಿ, ಅಲ್ಲಿಂದ ಮಕ್ಕಳು ಆಟೋ ಹಿಡಿದು ಬೆಟಗೇರಿ ಸೇರುವಷ್ಟರಲ್ಲಿ ತರಗತಿ ಅರ್ಧ ಮುಗಿದಿರುತ್ತಿತ್ತು. ಅದಕ್ಕೇ ಎಲ್ಲರೂ ರೂಮು ಮಾಡುತ್ತಿದ್ದರು, ಅದಕ್ಕೇ ಬುತ್ತಿ. ಹಳ್ಳಿ ಬಸ್ಸುಗಳು ಪೇಟೆಗೆ ನುಗ್ಗದ್ದರಿಂದ ಆ ಗದ್ದಲ ಈಗ ಕಡಿಮೆಯಾಗಿತ್ತು, ನಗರ ಬಸ್ಸು ನೇರ ಬೆಟಗೇರಿಗೇ ಮುಟ್ಟಿಸುತ್ತಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯೂ ಇರಲಿಲ್ಲ. ಬುತ್ತಿಯನ್ನು ಹೇಗೆ ಮುಟ್ಟಿಸುವುದೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಹುಡುಗಿಯೇ ಓಡಾಡಬಹುದೆಂದು ಯೋಚಿಸಿರಲಿಲ್ಲ.

ಬಸಪ್ಪ ರೈತ, ಅರ್ಧ ಮಾತಿಗೆ ಒಪ್ಪುವವನಲ್ಲ. "ಬರೂದು ಆತು. ಸಂಜೀಕ ಹೋಗೂದು ಹೆಂಗ್ರಿ? ಈ ಬಸ್ಸ ತಡಾ ಆದ್ರ ವಸ್ತಿ ಬಸ್ಸ ಬಿಟ್ಟ ಹೊಕ್ಕೈತಿ. ಹುಡುಗಿ ಸ್ಟ್ಯಾಂಡಿನ್ಯಾಗ ಕುಂಡ್ರಬೇಕೇನು?"

ಇದರ ಉತ್ತರ ನನ್ನ ಹತ್ತಿರ ಇತ್ತು. "ವಸ್ತಿ ಬಸ್ಸ ಬಿಡೂದು ನಾನು. ಬೆಟಗೇರಿ ಬಸ್ಸ ಬರೂ ತನಕ ಅದು ಜಾಗಾ ಬಿಟ್ಟ ಅಲಗೂದಿಲ್ಲ" ಎಂದೆ. ಅವನು ಮಗಳ ಕಡೆ ನೋಡಿದ. ಕ್ಲಾಸಿಗೆ ಹೋಗು, ಸಂಜೆ ಇಲ್ಲೇ ನಿಂತಿರುತ್ತೇನೆ, ಸಂಗಡ ಹೋಗೋಣ ಎಂದ. ಅವಳು ಓಡಿದ ಓಟಕ್ಕೆ ಗೆಳತಿಯ ಹಲ್ಲು ನೋವೂ ಮರೆತುಹೋಗಿರಬೇಕು, ಆಕೆಯೂ ಹಿಂದೆಯೇ ಓಡಿದಳು.

ಮಾತು ಕೊಡುವುದು ಸುಲಭ. ವಸ್ತಿ ಬಸ್ಸಿನ ಡ್ರೈವರು ಹಳ್ಳಿ ಮುಟ್ಟಿ ಉಣ್ಣುವ ಅವಸರದವನು. ದಿನಾ ಸಂಜೆ ಸ್ಟೇರಿಂಗ್ ಹಿಡಿದು ನನ್ನ ಕ್ಯಾಬಿನ್ನನ್ನೇ ದುರುಗುಟ್ಟಿ ನೋಡುವನು. ರೇಣುಕಾಳ ಹಿಂದೆ ಇನ್ನೂ ಒಬ್ಬಿಬ್ಬರು ಹುಡುಗಿಯರು ಓಡಾಡತೊಡಗಿದ್ದರು. ಒಂದು ಸಂಜೆ ಪೇಟೆಯಲ್ಲಿ ಯಾವುದೋ ಮೆರವಣಿಗೆ, ನಗರ ಬಸ್ಸು ಸಿಕ್ಕಿಕೊಂಡಿತು. ಇಲ್ಲಿ ವಸ್ತಿ ಬಸ್ಸಿನ ತುಂಬ ಜನ. ಮೊದಲು ಗೊಣಗಿದರು, ಆಮೇಲೆ ಸೀಟಿ ಹೊಡೆದರು, ಕಡೆಗೆ ಕಿಟಕಿಯಿಂದ ತಲೆ ಹಾಕಿ ನನ್ನ ವಂಶವನ್ನೆಲ್ಲ ಕರೆದರು. ಮ್ಯಾನೇಜರ್ ಸಾಹೇಬರು ಫೋನು ಮಾಡಿ ಬಸ್ಸು ಬಿಡಿ ಎಂದರು. ನನಗೂ ತಡೆಯಲಾಗಲಿಲ್ಲ. ಮೈಕು ಹಿಡಿದು, "ನಿಮ್ಮೂರಿನ ಹುಡುಗ್ಯಾರು ಬೆಟಗೇರಿಯಿಂದ ಬರಾಕತ್ತಾರ. ಅವರನ್ನ ಬಿಟ್ಟು ಹೋಗಬೇಕು ಅನ್ನೋರು ಎದ್ದು ನಿಂತು ಹೇಳ್ರಿ, ಬಸ್ ಬಿಡತೇನಿ" ಎಂದೆ.

ನಿಲ್ದಾಣವೆಲ್ಲ ಕೇಳುವಂತೆ ಹೇಳಿದ್ದೆ. ಯಾರೂ ಏಳಲಿಲ್ಲ. ಹೆಚ್ಚು ಕೂಗುತ್ತಿದ್ದವನ ಅಣ್ಣನ ಮಗಳೂ ಆ ನಗರ ಬಸ್ಸಿನಲ್ಲಿದ್ದಳೆಂದು ಆಮೇಲೆ ಗೊತ್ತಾಯಿತು. ಹುಡುಗಿಯರು ಬಂದಾಗ ಎಲ್ಲ ಸೀಟುಗಳೂ ಭರ್ತಿಯಾಗಿದ್ದವು, ನಡುವಿನ ಒಂದೆರಡನ್ನು ಬಿಟ್ಟು. ಅವುಗಳ ಮೇಲೆ ಟವೆಲ್ಲುಗಳು ಬಿದ್ದಿದ್ದವು. ಊರಿನವರು ಅವರಿಗಾಗಿ ಹಿಡಿದಿಟ್ಟಿದ್ದರು.

ನಾನು ನಿವೃತ್ತಳಾದ ಮೇಲೆ ಇದು ನಿಲ್ಲಬಾರದಲ್ಲ. ಕ್ಯಾಬಿನ್ನಿನಲ್ಲಿ ಇನ್ನೊಬ್ಬರು ಕೂತಾಗ ಯಾರ ಮಾತನ್ನು ಯಾರು ನಡೆಸುತ್ತಾರೆ. ಮೇಡಂ ಜಗಳಾಡಿ ಅದನ್ನು ವೇಳಾಪಟ್ಟಿಯಲ್ಲೇ ಸೇರಿಸಿದರು. ನಗರ ಬಸ್ಸು ಬಂದ ಮೇಲೆಯೇ ವಸ್ತಿ ಬಸ್ಸು ಹೊರಡಬೇಕು. ಹೊಸಬರೇ, ನಿಮಗೆ ನಾನು ಹೇಳುವ ಕೆಲಸದ ಮಾತು ಇದೊಂದೇ. ಒಳ್ಳೆಯ ಕಂಟ್ರೋಲರ್ ಇದ್ದಾಗ ನಡೆದು, ಅವಳು ಹೋದ ಮೇಲೆ ನಿಲ್ಲುವುದಾದರೆ ಆ ಕೆಲಸ ಅರ್ಧವೇ ಆದಂತೆ.

ಮ್ಯಾನೇಜರ್ ಸಾಹೇಬರು ತಮ್ಮ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಹೊಸ ನಿಲ್ದಾಣದಲ್ಲಿ ಬುತ್ತಿ ಇಡಲು ಚಂದದ ಗೂಡುಗಳ ಕಪಾಟು ಮಾಡಿಸಿದರು. ಪ್ರತಿ ಗೂಡಿಗೂ ಊರಿನ ಹೆಸರು, ಬಣ್ಣ ಬೇರೆ. ಬಂದವರಿಗೆಲ್ಲ ತೋರಿಸುತ್ತಿದ್ದರು. ಆದರೆ ಅಷ್ಟರಲ್ಲಿ ಒಬ್ಬೊಬ್ಬರೇ ಹುಡುಗಿಯರು, ಅವರ ಹಿಂದೆ ಹುಡುಗರು, ರೂಮು ಬಿಟ್ಟು ಮನೆಯಿಂದಲೇ ಓಡಾಡತೊಡಗಿದ್ದರು. ಡಂಬಳದ ಗೂಡು ಮೊದಲು ಖಾಲಿಯಾಯಿತು. ಆಮೇಲೆ ಮುಂಡರಗಿಯದು. ಸಾಹೇಬರು ಖಾಲಿ ಕಪಾಟು ನೋಡಿ, ಇಷ್ಟು ಕಷ್ಟಪಟ್ಟು ಮಾಡಿಸಿದೆ ಎಂದು ಬೇಜಾರು ಮಾಡಿಕೊಂಡರು. ಅನುಪಮಾ ಮೇಡಂ ಅದರ ಫೋಟೋ ತೆಗೆದುಕೊಂಡು ಹೋಗಿ ಪ್ರಯೋಗ ಗೆದ್ದಿತೆಂದು ಮೇಲಿನವರಿಗೆ ತೋರಿಸಿದರು. ಈಗ ಅದರಲ್ಲಿ ಕಾಯಿಪಲ್ಲೆ ಸಾಲಿನವರು ಕೊತ್ತಂಬರಿ ಇಡುತ್ತಾರೆ.

ಹೋದ ತಿಂಗಳು ಒಂದು ಸಂಜೆ ಸುಮ್ಮನೆ ವಸ್ತಿ ಬಸ್ಸು ಹತ್ತಿದೆ. ಇಷ್ಟು ವರ್ಷ ಬಿಡುವುದೇ ಆಯಿತು, ಒಮ್ಮೆ ಹೋಗಿ ನೋಡೋಣ ಎನಿಸಿತು. ರೇಣುಕಾ ಪಕ್ಕದಲ್ಲಿ ಕೂತಿದ್ದಳು, ತೊಡೆಯ ಮೇಲೆ ಹಸಿರು ಚೌಕಡಿ ಗಂಟು. ಕೊನೆಯ ವರ್ಷ, ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಲು ಕಲಿತದ್ದು, ದಾರಿಯುದ್ದಕ್ಕೂ ಮಾತೇ ಮಾತು. ಹಳ್ಳಿ ಬಂದಾಗ ಸೂರ್ಯ ಹೊಳೆಯಾಚೆ ಇಳಿಯುತ್ತಿದ್ದ. ನಿಲುಗಡೆಯಲ್ಲಿ ಚನ್ನವ್ವ ನಿಂತಿದ್ದಳು. ಫೋನಿನಲ್ಲಿ ಮಾತಾಡಿ ಗೊತ್ತಿತ್ತೇ ಹೊರತು ನೋಡುತ್ತಿದ್ದುದು ಅದೇ ಮೊದಲು. ನನ್ನ ಎರಡೂ ಕೈ ಹಿಡಿದು, ಬರ್ರಿ ಅಕ್ಕಾರ, ರೊಟ್ಟಿ ಉಂಡು ಹೋಗ್ರಿ ಎಂದಳು.

ಹಾಗೆನ್ನುತ್ತಲೇ ಮಗಳ ಕೈಯಿಂದ ಗಂಟು ಇಸಿದುಕೊಂಡು, ನಿಂತಲ್ಲೇ ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ತಳದಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಚನ್ನವ್ವನ ಮುಖ ಸಣ್ಣಗಾಯಿತು. ಎದುರಿಗೇ ನಗುತ್ತ ನಿಂತಿದ್ದ ಮಗಳ ಕಡೆ ನೋಡದೆ, ಡಬ್ಬಿಯನ್ನೇ ನೋಡುತ್ತ ಕೇಳಿದಳು.

"ಯಾಕವ್ವಾ, ಆರಾಮ ಅದಿಯಿಲ್ಲ?"